ನಾನು ಹೇಳದೆ ಬಿಟ್ಟ ಬೆಡ್‌ಪ್ಯಾನ್

ಮಿಲಿಟರಿಯಿಂದ ರಜೆಗೆ ಬಂದವನು ಊರಿನಲ್ಲಿ ಒಂದಿಷ್ಟು ಸುಳ್ಳು ಹೇಳಿಯೇ ಹೇಳುತ್ತಾನೆ. ಬಂದೂಕಿನವನು ಹಾರಿಸದ ಗುಂಡನ್ನು ಹಾರಿಸಿದೆ ಎನ್ನುತ್ತಾನೆ. ಅಡುಗೆಯವನು ತಾನಿಲ್ಲದಿದ್ದರೆ ಇಡೀ ಪಲ್ಟನ್ ಉಪವಾಸ ಬೀಳುತ್ತಿತ್ತು ಎನ್ನುತ್ತಾನೆ. ಸೇನೆಯ ವೈದ್ಯಕೀಯ ದಳದಲ್ಲಿ ರೋಗಿಗಳ ಶುಶ್ರೂಷೆ ಮಾಡುತ್ತಿದ್ದ ನಾನು ಮಾಡದ್ದನ್ನು ಮಾಡಿದೆ ಎಂದು ಯಾವತ್ತೂ ಹೇಳಿದವನಲ್ಲ. ನನ್ನ ಸುಳ್ಳಿನ ಜಾತಿಯೇ ಬೇರೆ. ಮಾಡಿದ್ದೆಲ್ಲವನ್ನೂ ಹೇಳಿ ಒಂದನ್ನು ಮಾತ್ರ ಬಿಡುತ್ತಿದ್ದೆ. ಇಂಜೆಕ್ಷನ್ ಚುಚ್ಚಿದ್ದು, ಆಪರೇಷನ್ ಕೋಣೆಯಲ್ಲಿ ಡಾಕ್ಟರರ ಕೈಗೆ ಕತ್ತರಿ ಕೊಟ್ಟದ್ದು, ಮುರಿದ ತೊಡೆಗೆ ಪಟ್ಟಿ ಕಟ್ಟಿದ್ದು ಎಲ್ಲ ಬರುತ್ತಿತ್ತು. ಏಳಲಾಗದ ರೋಗಿಯ ಸೊಂಟದ ಕೆಳಗೆ ಬೆಡ್‌ಪ್ಯಾನ್ ಇಟ್ಟು, ಅವನು ಮುಗಿಸುವ ತನಕ ನಿಂತು, ಒರೆಸಿ, ಆ ಪಾತ್ರೆಯನ್ನು ಹೊತ್ತುಕೊಂಡು ಹೋಗಿ ತೊಳೆದದ್ದು ಮಾತ್ರ ಬರುತ್ತಿರಲಿಲ್ಲ. ಮೊದಲ ಎರಡು ವರ್ಷ ನಾನು ಮಾಡಿದ್ದರಲ್ಲಿ ಮುಕ್ಕಾಲು ಪಾಲು ಅದೇ ಕೆಲಸ.

ನಮ್ಮ ಕಡೆಯಿಂದ ಆ ದಳಕ್ಕೆ ಹೋದವರೆಲ್ಲ ಹೀಗೆಯೇ ಮಾಡುತ್ತಿದ್ದೆವು. ಕೂತು ಮಾತಾಡಿಕೊಂಡದ್ದಲ್ಲ, ತಾನಾಗಿ ಆದ ಒಪ್ಪಂದ. ಕಂಡವರ ಹೇಸಿಗೆ ಬಳಿದವನೆಂದು ಗೊತ್ತಾದರೆ ಊಟದ ಪಂಕ್ತಿಯಲ್ಲಿ ಪಕ್ಕದವನು ಸರಿದು ಕೂರುತ್ತಾನೆ, ಹೆಣ್ಣು ಕೊಡುವವರು ಹಿಂದೆ ಮುಂದೆ ನೋಡುತ್ತಾರೆ ಎಂಬ ಹೆದರಿಕೆ ನಮಗೆ. ನನ್ನ ಮದುವೆಯಾಗಿ ಮಕ್ಕಳು ಶಾಲೆಗೆ ಹೋಗುತ್ತಿದ್ದರೂ ಆ ಹೆದರಿಕೆ ಹೋಗಿರಲಿಲ್ಲ.

ಹವಾಲ್ದಾರನಾಗಿ ಪಿಂಚಣಿ ಪಡೆದು ಬಂದು ನಾನು ಕುಮಟೆಯಲ್ಲಿ ಒಬ್ಬ ಖಾಸಗಿ ಡಾಕ್ಟರರ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಚೀನಾ ಗಡಿಯ ಯುದ್ಧ ಮುಗಿದು ಎರಡು ವರ್ಷವಾಗಿತ್ತು. ಸೇನೆಗೆ ಜನ ಬೇಕಾಗಿದ್ದ ಕಾಲ. ಭಟ್ಕಳದಿಂದ, ಹೊನ್ನಾವರದಿಂದ, ಸಂತೆಗುಳಿಯಂಥ ಒಳಊರುಗಳಿಂದ ಹುಡುಗರು ಭರ್ತಿಯಾಗುತ್ತಿದ್ದರು. ವೈದ್ಯಕೀಯ ದಳಕ್ಕೆ ಆಯ್ಕೆಯಾದವರನ್ನು ಮನೆಯವರು ಸೀದಾ ನನ್ನ ಹತ್ತಿರ ಕರೆದುಕೊಂಡು ಬರುತ್ತಿದ್ದರು. ಹವಾಲ್ದಾರರು ನಾಲ್ಕು ಮಾತು ಹೇಳಲಿ ಎಂದು. ನನಗೋ ಹೇಳುವುದೆಂದರೆ ಹಬ್ಬ. ದವಾಖಾನೆಯ ಬೆಂಚಿನ ಮೇಲೆ ಅವರನ್ನು ಕೂರಿಸಿ ಉಪದೇಶ ಸುರುಮಾಡುತ್ತಿದ್ದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹಿಂದಿಯನ್ನು ಈಗಲೇ ಓದಿ ರೂಢಿ ಮಾಡಿಕೊಳ್ಳಿ, ಅಲ್ಲಿ ಪಾಠ ಅದರಲ್ಲೇ. ಸೇನೆಯ ಪರೀಕ್ಷೆಗಳನ್ನು ಮುಂದೂಡಬೇಡಿ, ಮುಂದೂಡಿದವನು ಕೊನೆತನಕ ಸ್ಟ್ರೆಚರ್ ಹೊರುತ್ತಾನೆ. ಡಾಕ್ಟರು ಹೇಳಿದ್ದನ್ನು ನೆನಪಿನಲ್ಲಿಟ್ಟುಕೊಳ್ಳಬೇಡಿ, ಬರೆದುಕೊಳ್ಳಿ. ಉಗುರು ಕತ್ತರಿಸಿ. ನಾಡಿ ಎಣಿಸುವಾಗ ಪೂರ್ತಿ ಒಂದು ನಿಮಿಷ ಎಣಿಸಿ, ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವ ಸೋಮಾರಿತನ ಬೇಡ. ಎಲ್ಲ ಒಳ್ಳೆಯ ಮಾತೇ. ಈಗಲೂ ಅದರಲ್ಲಿ ಒಂದನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಹಾಗೆ ಬಂದವರಲ್ಲಿ ಅಘನಾಶಿನಿಯ ಹುಡುಗನೊಬ್ಬ. ಹತ್ತೊಂಬತ್ತು ವರ್ಷ, ಎಸ್ಸೆಸ್ಸೆಲ್ಸಿ ಪಾಸು, ಮಾತು ಕಡಿಮೆ. ತಂದೆ ಇಲ್ಲ. ತಾಯಿ ಹೊಳೆಯಲ್ಲಿ ಇಳಿತ ಬಂದಾಗ ನೀರಿಗಿಳಿದು ಬೆಳಚು ಹೆಕ್ಕಿ, ಆ ಚಿಪ್ಪಿನ ಮಾಂಸ ಮಾರಿ ಅವನನ್ನು ಓದಿಸಿದವಳು. ನನ್ನನ್ನು ಅಣ್ಣ ಎನ್ನುತ್ತಿದ್ದಳು, ಹುಡುಗ ಮಾವ ಎನ್ನುತ್ತಿದ್ದ. ಅವನ ಬೆರಳು ನೋಡಿಯೇ ನನಗೆ ಆಸೆಯಾಗಿತ್ತು. ಪಟ್ಟಿ ಸುತ್ತುವುದನ್ನು ಒಮ್ಮೆ ತೋರಿಸಿದರೆ ಎರಡನೆಯ ಸಲಕ್ಕೆ ನನಗಿಂತ ಚಂದ ಸುತ್ತುತ್ತಿದ್ದ. ಇವನು ಮುಂದೆ ಆಪರೇಷನ್ ಕೋಣೆಗೆ ಹೋಗುವವನು ಎಂದು ಅವನ ತಾಯಿಯ ಎದುರಿಗೇ ಹೇಳಿಬಿಟ್ಟಿದ್ದೆ.

ಅವನು ಉತ್ತರದ ತರಬೇತಿ ಕೇಂದ್ರಕ್ಕೆ ಹೋದ ಮೇಲೆ ಕಾಗದಗಳು ನನ್ನ ವಿಳಾಸಕ್ಕೆ ಬರುತ್ತಿದ್ದವು. ತಾಯಿಗೆ ಓದು ಬಾರದು. ಅವಳು ಕುಮಟೆಗೆ ಬಂದಾಗ ನಾನು ಓದಿ ಹೇಳುತ್ತಿದ್ದೆ. ಮೂರನೆಯ ಕಾಗದದಲ್ಲಿ, ಈಗ ವಾರ್ಡಿಗೆ ಹಾಕಿದ್ದಾರೆ, ದಿನಾ ಇಂಜೆಕ್ಷನ್ ಕೊಡುತ್ತಿದ್ದೇನೆ ಎಂದಿತ್ತು. ವಾರ್ಡಿಗೆ ಹೋದ ಹೊಸಬನ ಕೈಗೆ ಯಾರೂ ಸೂಜಿ ಕೊಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಓದುತ್ತಾ ಒಳಗೊಳಗೇ ನಕ್ಕೆ. ಹುಡುಗ ನಮ್ಮ ಪಂಥಕ್ಕೆ ಸೇರಿದ ಎಂದುಕೊಂಡೆ. ಈಗ ಅದನ್ನು ನೆನೆದರೆ ನಗು ಬರುವುದಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ದವಾಖಾನೆಯ ಬಾಗಿಲಲ್ಲಿ ನಿಂತಿದ್ದ. ತರಬೇತಿಯ ನಡುವೆ ರಜೆ ಸಿಗುವುದಿಲ್ಲ. ಹಿಂದಿನ ದಿನ ಮನೆಗೆ ಬಂದೆ, ತಾಯಿಗೆ ರಜೆ ಎಂದು ಹೇಳಿದ್ದೇನೆ ಎಂದ. ನಾನು ರಜೆ ಚೀಟಿ ಕೇಳಿದೆ. ಅವನು ಔಷಧದ ಬಾಟಲಿಗಳನ್ನು ನೋಡುತ್ತಾ ನಿಂತ. ಚೀಟಿ ಇರಲಿಲ್ಲ. ಕೇಂದ್ರ ಬಿಟ್ಟು ಆರು ದಿನವಾಗಿತ್ತು.

ಬೆಂಚಿನ ಮೇಲೆ ಕೂರಿಸಿ ಕಾರಣ ಕೇಳಿದೆ. ಇಪ್ಪತ್ತು ಹಾಸಿಗೆಯ ವಾರ್ಡಿನಲ್ಲಿ ಬೆಳಿಗ್ಗೆಯಿಂದ ಸಂಜೆ ತನಕ ಬೆಡ್‌ಪ್ಯಾನ್ ಹೊತ್ತದ್ದನ್ನು ತಲೆ ತಗ್ಗಿಸಿಕೊಂಡೇ ಹೇಳಿದ. ಮೊದಲ ವಾರ ವಾಂತಿ ಮಾಡಿಕೊಂಡನಂತೆ. ಜೊತೆಯ ಹುಡುಗರು ಅಣಕಿಸಿದರಂತೆ. ತನಗೇನೋ ಶಿಕ್ಷೆ ಕೊಟ್ಟಿದ್ದಾರೆ ಎಂದೇ ಅವನು ತಿಳಿದಿದ್ದ. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದ.

"ನೀವು ಎಲ್ಲ ಹೇಳಿದ್ರಿ ಮಾವ. ಉಗುರು ಕತ್ತರಿಸೂದನ್ನೂ ಹೇಳಿದ್ರಿ. ಇದೊಂದನ್ನ ಎಂತಕ್ಕೆ ಹೇಳಲಿಲ್ಲ?"

ನಾನು ಹೇಳಿ ಕಳಿಸಿದ್ದರೆ ಅವನು ಹೇಸಿಕೊಳ್ಳುತ್ತಿದ್ದ, ಬಯ್ದುಕೊಳ್ಳುತ್ತಿದ್ದ, ಆದರೆ ಓಡಿ ಬರುತ್ತಿರಲಿಲ್ಲ. ಒಂದು ತಿಂಗಳು ತುಂಬುವುದರೊಳಗೆ ತಿರುಗಿ ಹೋಗದಿದ್ದರೆ ಅಲ್ಲಿ ವಿಚಾರಣೆ ಕೂತು ಅವನ ಹೆಸರಿನ ಮುಂದೆ ಭಗೋಡಾ, ಅಂದರೆ ಓಡಿಹೋದವನು, ಎಂದು ಬರೆಯುತ್ತಾರೆ. ಪೊಲೀಸರಿಗೆ ಕಾಗದ ಬರುತ್ತದೆ. ಆಮೇಲೆ ಸರಕಾರದ ಯಾವ ನೌಕರಿಯೂ ಇಲ್ಲ, ತಲೆಯೆತ್ತಿ ತಿರುಗುವ ಹಾಗೂ ಇಲ್ಲ. ಇದನ್ನು ಹೇಳಿದೆ. ಅವನು ಗೊತ್ತುಂಟು ಎಂದ, ಅಷ್ಟೆ. ಹೋಗುತ್ತೇನೆ ಎನ್ನಲಿಲ್ಲ. ಹುಬ್ಬಳ್ಳಿಗೆ ಹೋಗಿ ರೈಲು ಹತ್ತಿದರೂ ಅಲ್ಲಿಗೆ ಮುಟ್ಟಲು ನಾಲ್ಕು ದಿನ ಬೇಕು. ನನ್ನ ಕೈಯಲ್ಲಿ ಉಳಿದದ್ದು ಇಪ್ಪತ್ತು ದಿನಕ್ಕಿಂತ ಕಡಿಮೆ.

ಆಗ ಧಾರೇಶ್ವರದಲ್ಲಿ ಶಾಲೆಯ ನಿವೃತ್ತ ಮಾಸ್ತರರೊಬ್ಬರು ವಿಷಮಜ್ವರದಿಂದ ಮಲಗಿದ್ದರು. ಎರಡನೆಯ ವಾರ ಮುಗಿಯುತ್ತಾ ಬಂದಿತ್ತು. ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ಮನೆಯಲ್ಲಿ ಹೆಂಡತಿ ಒಬ್ಬರೇ, ಅವರಿಗೆ ಮೊಣಕಾಲು ನೋವು. ನಮ್ಮ ಡಾಕ್ಟರು ಮಾತ್ರೆ ಬರೆದುಕೊಟ್ಟು, ಶುಶ್ರೂಷೆ ನೀನು ನೋಡಿಕೋ ಎಂದು ನನಗೆ ವಹಿಸಿದ್ದರು. ದವಾಖಾನೆ ಬಿಟ್ಟು ದಿನವಿಡೀ ಅಲ್ಲಿ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಹುಡುಗನಿಗೆ ಹೇಳಿದೆ, ನೀನು ಹೋಗುವುದು ಬಿಡುವುದು ಆಮೇಲೆ, ಸದ್ಯಕ್ಕೆ ನನಗೆ ಎರಡು ಕೈ ಬೇಕು, ಬಾ. ಮಾಸ್ತರರು ಅವನಿಗೂ ಕಲಿಸಿದವರು. ಇಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಮೊದಲ ದಿನ ನಾನೇ ಮಾಡಿ ತೋರಿಸಿದೆ. ಹದಿನೈದು ವರ್ಷ ಮುಚ್ಚಿಟ್ಟ ವಿದ್ಯೆಯನ್ನು ಊರಿನವರ ಎದುರು ತೆರೆದದ್ದು ಅದೇ ಮೊದಲು. ದವಾಖಾನೆಯಿಂದ ತಂದ ಎನಾಮೆಲ್ ಪ್ಯಾನಿಗೆ ಬಿಸಿನೀರು ಹಾಕಿ ಚೆಲ್ಲಿ ಬೆಚ್ಚಗೆ ಮಾಡಿದೆ. ತಣ್ಣಗಿನ ಪಾತ್ರೆ ಮೈಗೆ ತಾಗಿದರೆ ರೋಗಿ ಬೆಚ್ಚಿ ಬಿಗಿಯುತ್ತಾನೆ, ಈ ಜ್ವರದಲ್ಲಿ ಹೊಟ್ಟೆ ಬಿಗಿಯಬಾರದು. ಅಂಚಿಗೆ ಪೌಡರ್ ಹಾಕಿದೆ. ಒಂದು ಕೈ ಸೊಂಟದ ಕೆಳಗೆ ಕೊಟ್ಟು ಎತ್ತಿ, ಇನ್ನೊಂದರಿಂದ ಪಾತ್ರೆ ಜಾರಿಸಿ, ಮೇಲೆ ಪಂಚೆ ಹೊದಿಸಿದೆ. ಮುಗಿದ ಮೇಲೆ ಒರೆಸಿ, ಮಗ್ಗುಲಾಗಿಸಿ, ಬೆನ್ನು ಮತ್ತು ಹಿಮ್ಮಡಿಗೆ ಸ್ಪಿರಿಟ್ ತಿಕ್ಕಿದೆ. ಪಾತ್ರೆಯನ್ನು ಬಟ್ಟೆಯಿಂದ ಮುಚ್ಚಿ ಹೊರಗೆ ಒಯ್ದು, ಬೆಳಕಿನಲ್ಲಿ ಬಟ್ಟೆ ಸರಿಸಿ ಸರಿಯಾಗಿ ನೋಡಿ, ಬ್ಲೀಚಿಂಗ್ ಪೌಡರ್ ಹಾಕಿಟ್ಟು, ಬಾವಿಯಿಂದ ದೂರ ತೋಡಿದ ಗುಂಡಿಗೆ ಸುರಿದು ಮಣ್ಣು ಮುಚ್ಚಿದೆ. ನೋಡುವುದು ಎಂತಕ್ಕೆ ಎಂದು ಹುಡುಗ ಕೇಳಿದ. ರೋಗಿಗೆ ತನ್ನ ಹೊಟ್ಟೆಯೊಳಗೆ ಏನಾಗುತ್ತಿದೆ ಎಂದು ಗೊತ್ತಿರುವುದಿಲ್ಲ, ಡಾಕ್ಟರಿಗೂ ಕಾಣುವುದಿಲ್ಲ, ಸುದ್ದಿ ಬರುವುದು ಈ ಪಾತ್ರೆಯಲ್ಲಿ, ನೋಡದೆ ಚೆಲ್ಲುವವನು ಜಾಡಮಾಲಿಗಿಂತ ಕಡೆ ಎಂದೆ. ಹಾಗೆ ಹೇಳಬಾರದಿತ್ತು, ಜಾಡಮಾಲಿಯ ಕೆಲಸವೂ ಕೆಲಸವೇ. ಆದರೆ ಆ ಹೊತ್ತಿಗೆ ಬಾಯಿಗೆ ಬಂದದ್ದು ಅದು.

ಎರಡನೆಯ ದಿನದಿಂದ ಹುಡುಗ ಮಾಡಿದ. ಮುಖ ಗಂಟಿಕ್ಕಿಕೊಂಡೇ ಮಾಡಿದ. ಮಾಸ್ತರರಿಗೆ ಅವನಿಗಿಂತ ಹೆಚ್ಚು ನಾಚಿಕೆ. ತರಗತಿಯಲ್ಲಿ ಇವನ ಉಗುರು ನೋಡಿ ತಾನು ಬೆತ್ತ ತೋರಿಸಿದ್ದಕ್ಕೆ ಈಗ ಇವನು ಸೇಡು ತೀರಿಸುತ್ತಿದ್ದಾನೆ ಎಂದು ಜ್ವರದಲ್ಲೂ ತಮಾಷೆ ಮಾಡಿದರು. ಹುಡುಗನ ತುಟಿಯಲ್ಲಿ ಅವತ್ತು ಸ್ವಲ್ಪ ನಗು ಕಂಡಿತು.

ಹೀಗೆ ಒಂದು ವಾರ ಹೋಯಿತು. ಎಂಟನೆಯ ಬೆಳಿಗ್ಗೆ ನಾನು ಹೋದಾಗ ಮಾಸ್ತರರ ಜ್ವರ ಒಮ್ಮೆಲೇ ಇಳಿದಿತ್ತು. ಥರ್ಮಾಮೀಟರನ್ನು ಎರಡು ಸಲ ಝಾಡಿಸಿ ನೋಡಿದೆ. ಹೆಚ್ಚು ಕಡಿಮೆ ಮಾಮೂಲು. ಅವರ ಹೆಂಡತಿ ಊರ ದೇವರು ಧಾರಾನಾಥನಿಗೆ ಕೈಮುಗಿದರು. ನಾನೂ ಹಿಗ್ಗಿದೆ. ಮಧ್ಯಾಹ್ನದಿಂದ ಗಂಜಿಯ ತೆಳಿ ಬಿಟ್ಟು ಗಟ್ಟಿ ಗಂಜಿ ಕೊಡಬಹುದು ಎಂದು ಧೈರ್ಯವಾಗಿ ಹೇಳಿ, ದವಾಖಾನೆಗೆ ಹೊತ್ತಾಗುತ್ತದೆ ಎಂದು ಬಸ್ಸು ಹತ್ತಿದೆ. ಬೇರೆಯವರಿಗೆ ಬೋಧಿಸಿದ ಪೂರ್ತಿ ಒಂದು ನಿಮಿಷದ ನಾಡಿಯನ್ನು ಆ ದಿನ ನಾನು ಕಾಲು ನಿಮಿಷವೂ ಹಿಡಿಯಲಿಲ್ಲ.

ನಾನು ಹೋದ ಸ್ವಲ್ಪ ಹೊತ್ತಿಗೆ ಮಾಸ್ತರರು ಪ್ಯಾನ್ ಕೇಳಿದ್ದಾರೆ. ಹುಡುಗ ಕೊಟ್ಟು, ಒಯ್ದು, ಬೆಳಕಿನಲ್ಲಿ ಬಟ್ಟೆ ಸರಿಸಿ ನೋಡಿದ್ದಾನೆ. ಡಾಂಬರಿನ ಹಾಗೆ ಕಪ್ಪಗೆ, ಅಂಟಂಟು. ಅವನಿಗೆ ವಾರ್ಡಿನಲ್ಲಿ ಇದನ್ನು ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನಿನ್ನೆಯ ಹಾಗಿಲ್ಲ ಎಂಬುದಷ್ಟೇ ಅವನಿಗೆ ಗೊತ್ತಾದದ್ದು. ಅವನು ಅದನ್ನು ಚೆಲ್ಲಲಿಲ್ಲ. ಒಳಗೆ ಬಂದು ನಾಡಿ ಹಿಡಿದು ಪೂರ್ತಿ ನಿಮಿಷ ಎಣಿಸಿದ. ಹಿಂದಿನ ದಿನಕ್ಕಿಂತ ನಲವತ್ತು ಹೆಚ್ಚು. ಮಾಸ್ತರರ ಹಣೆಯಲ್ಲಿ ತಣ್ಣಗಿನ ಬೆವರು. ನಾಡಿ ಓಡಿ ಮೈ ತಣ್ಣಗಾದವನಿಗೆ ಏನು ಮಾಡಬೇಕೆಂಬುದಷ್ಟು ಅವನ ತರಬೇತಿಯ ಪಾಠದಲ್ಲಿ ಬಂದಿತ್ತು. ಒಲೆಯ ಮೇಲಿದ್ದ ಗಂಜಿಯನ್ನು ಇಳಿಸಲು ಹೇಳಿ, ನೀರು ಕೂಡ ಬೇಡವೆಂದು, ಮಂಚದ ಕಾಲುಗಡೆಗೆ ಎರಡೆರಡು ಇಟ್ಟಿಗೆ ಕೊಟ್ಟು, ಮಾಸ್ತರರು ಅಲುಗಾಡದಂತೆ ನೋಡಿಕೊಳ್ಳಲು ಅವರ ಹೆಂಡತಿಯನ್ನು ಕೂರಿಸಿ, ಸೈಕಲ್ಲಿದ್ದ ನೆರೆಯವರೊಬ್ಬರ ಕೈಯಲ್ಲಿ ನನಗೆ ಚೀಟಿ ಕಳಿಸಿದ. ಚೀಟಿಯಲ್ಲಿ ಮೂರೇ ಸಾಲು: ಮಲ ಕಪ್ಪು, ನಾಡಿ ಇಷ್ಟು, ಪಾತ್ರೆ ಇಟ್ಟುಕೊಂಡಿದ್ದೇನೆ.

ಚೀಟಿ ಓದಿ ಸೀದಾ ಡಾಕ್ಟರರ ಕೈಗೆ ಕೊಟ್ಟೆ. ವಿಷಮಜ್ವರದ ಮೂರನೆಯ ವಾರದಲ್ಲಿ ಕರುಳಿನ ಹುಣ್ಣು ಒಡೆದು ಒಳಗೇ ರಕ್ತ ಹೋಗುವುದುಂಟು. ಆಗ ಜ್ವರ ಬೀಳುತ್ತದೆ, ನಾಡಿ ಏರುತ್ತದೆ. ಬಿದ್ದ ಜ್ವರ ನೋಡಿ ಮನೆಯವರು ಖುಷಿಪಡುತ್ತಾರೆ, ಊಟ ಕೊಡುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಇದನ್ನೆಲ್ಲ ನಾನು ಪರೀಕ್ಷೆಯಲ್ಲಿ ಬರೆದು ಪಾಸಾದವನು. ಡಾಕ್ಟರು ಅರ್ಧಕ್ಕೆ ರೋಗಿಗಳನ್ನು ಬಿಟ್ಟು ನನ್ನೊಡನೆ ಹೊರಟರು. ಪ್ಯಾನ್ ನೋಡಿದರು, ಹೊಟ್ಟೆಯನ್ನು ಬೆರಳ ತುದಿಯಿಂದ ಮುಟ್ಟಿದರು, ಇಂಜೆಕ್ಷನ್ ಕೊಟ್ಟು ನರಕ್ಕೆ ಸಲೈನ್ ಹಚ್ಚಿದರು. ಈ ಸ್ಥಿತಿಯಲ್ಲಿ ರಸ್ತೆಯ ಮೇಲೆ ಅಲುಗಿಸುವ ಹಾಗಿಲ್ಲ, ಇಲ್ಲೇ ಇರಲಿ ಎಂದರು. ಹೊಟ್ಟೆಯ ಮೇಲಿಡಲು ಮಂಜುಗಡ್ಡೆ ಬೇಕಿತ್ತು. ಹೊನ್ನಾವರದ ಮೀನಿನ ವ್ಯಾಪಾರಿಯೊಬ್ಬರು ಗೋಣಿಯಲ್ಲಿ ಮರದ ಹುಡಿ ತುಂಬಿ ನಡುವೆ ಗಡ್ಡೆ ಇಟ್ಟು ಬಸ್ಸಿಗೆ ಹಾಕಿ ಕಳಿಸಿದರು. ಬಂಗಡೆಯ ವಾಸನೆ ಹೊಡೆಯುವ ಆ ಮಂಜನ್ನು ರಬ್ಬರ್ ಚೀಲಕ್ಕೆ ತುಂಬಿ ಹುಡುಗ ಎರಡು ದಿನ ಹಿಡಿದುಕೊಂಡೇ ಕೂತ. ಜನ್ಮದಲ್ಲಿ ಮೀನು ಮುಟ್ಟದ ಮಾಸ್ತರರ ಹೆಂಡತಿ ಮೂಗಿಗೆ ಸೆರಗು ಹಿಡಿದುಕೊಂಡು ಅವನಿಗೆ ಊಟ ಬಡಿಸಿದರು.

ಮೂರನೆಯ ದಿನ ನಾಡಿ ಇಳಿಯಿತು. ಪ್ಯಾನಿನಲ್ಲಿ ಕಪ್ಪು ಹೋಗಿ ಬಣ್ಣ ತಿಳಿಯಾಯಿತು. ಡಾಕ್ಟರು ಹೊರಡುವಾಗ ಹುಡುಗನ ಹೆಗಲು ತಟ್ಟಿ, ಜ್ವರ ನೋಡಿದವರು ಮೋಸ ಹೋದರು, ಪಾತ್ರೆ ನೋಡಿದವನು ಹೋಗಲಿಲ್ಲ ಎಂದರು. ಜ್ವರ ನೋಡಿದವನು ನಾನೇ. ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ.

ಇನ್ನು ಇವನು ಹೊರಡುತ್ತಾನೆ ಎಂದು ನಾನು ಲೆಕ್ಕ ಹಾಕಿದ್ದೆ. ಕೇಂದ್ರ ಬಿಟ್ಟು ಹತ್ತೊಂಬತ್ತು ದಿನವಾಗಿತ್ತು. ಅವನು ಅಂಗಳದಲ್ಲಿ ಕೂತು ನೆಲ ಗೀರುತ್ತಾ, ಕೆಲಸದ ಹೇಸಿಗೆ ಹೋತು ಮಾವ ಎಂದ. ಮತ್ತೇನು ಉಳಿಯಿತು ಎಂದು ಕೇಳಿದೆ.

"ಆಯಿಗೆ ಗೊತ್ತಾದ್ರೆ? ಮಗ ಡಾಕ್ಟ್ರ ಸರಿಸಮ ನಿಂತ್ಕಂಡು ಆಪರೇಷನ್ ಮಾಡ್ತ ಅಂತ ಇಡೀ ಕೇರಿಗೆ ಹೇಳ್ಕಂಡಿದ್ದು. ಅದರ ಮಕ ನೋಡೂಕೆ ಆಗೂದಿಲ್ಲ ನಂಗೆ."

ಆ ಆಪರೇಷನ್ನಿನ ಮಾತನ್ನು ಅವಳ ತಲೆಗೆ ತುಂಬಿದವನು ನಾನು. ಅಲ್ಲಿಗೆ ನನಗೆ ದಾರಿ ಒಂದೇ ಉಳಿಯಿತು. ಹುಡುಗನನ್ನು ಕೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತಿದ್ದ.

ಮರುದಿನ ಅಘನಾಶಿನಿಗೆ ಹೋದೆ. ನೀರು ಇಳಿದಿತ್ತು. ಹೆಂಗಸರು ಮೊಣಕಾಲು ಮಟ್ಟದ ನೀರಿನಲ್ಲಿ ಬಗ್ಗಿಕೊಂಡು ಬೆಳಚು ಹೆಕ್ಕುತ್ತಿದ್ದರು. ದಂಡೆಯಿಂದ ಕರೆದೆ. ಅವಳು ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡೇ ಬಂದಳು, ಮಗನಿಗೆ ಏನಾಯಿತೋ ಎಂದು ಮುಖ ಬಿಳಚಿಕೊಂಡಿತ್ತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಒಂದೂ ಬಾಯಿಗೆ ಬರಲಿಲ್ಲ. ಮಗ ರಜೆಯಲ್ಲಿ ಬಂದದ್ದಲ್ಲ, ಹೇಳದೆ ಓಡಿ ಬಂದಿದ್ದಾನೆ ಎಂದೆ. ಹತ್ತು ದಿನದೊಳಗೆ ಅಲ್ಲಿಗೆ ಮುಟ್ಟದಿದ್ದರೆ ಪೊಲೀಸರು ಬರುತ್ತಾರೆ ಎಂದೆ. ಓಡಿ ಬಂದದ್ದು ರೋಗಿಗಳ ಮಲ ಬಳಿಯಲು ಹೇಳಿದ್ದಕ್ಕೆ ಎಂದೆ. ಆಪರೇಷನ್ ಎಲ್ಲ ಎಷ್ಟೋ ವರ್ಷದ ಆಮೇಲೆ, ಮೊದಲು ಎಲ್ಲರೂ ಮಾಡುವುದು ಇದನ್ನೇ, ನಾನೂ ಮಾಡಿದ್ದೇನೆ, ಯಾರಿಗೂ ಹೇಳದೆ ಮುಚ್ಚಿಟ್ಟಿದ್ದೆ, ನಿನ್ನ ಮಗನಿಗೂ ಹೇಳಲಿಲ್ಲ ಎಂದೆ. ಒಂದೇ ಉಸಿರಿಗೆ ಎಲ್ಲ ಹೇಳಿ ಮುಗಿಸಿ ಬೈಗುಳಕ್ಕೆ ಕಾದು ನಿಂತೆ.

ಅವಳು ಬುಟ್ಟಿ ಕೆಳಗಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡಳು.

"ಇದಕ್ಕೆ ಓಡಿ ಬಂದ್ನಾ? ಇವನ ಅಜ್ಜ ಮೂರು ಮಳೆಗಾಲ ಹಾಸಿಗೆ ಬಿಟ್ಟು ಏಳಲಿಲ್ಲ. ಅವರನ್ನ ತೊಳೆದದ್ದು ಯಾರು ಅಂತ ಇವ ನೋಡಲಿಲ್ವಾ? ನಾವು ಹೆಂಗಸ್ರು ದಿನಾ ಮಾಡ್ತೇವು, ನಮ್ಮ ಮರ್ಯಾದೆ ಎಲ್ಲಿ ಹೋತು? ನೀವು ಗಂಡಸ್ರು ಮಾಡಿದ ಕೂಡ್ಲೆ ಅದು ಮುಚ್ಚಿಡೂ ಅಂಥದ್ದು ಆತಾ?"

ನನ್ನ ಹದಿನೈದು ವರ್ಷದ ಗುಟ್ಟನ್ನು ಅವಳು ಬೆಳಚಿನ ಚಿಪ್ಪು ಬಿಡಿಸಿದಷ್ಟು ಸುಲಭವಾಗಿ ಬಿಡಿಸಿ ಎಸೆದಿದ್ದಳು. ನಾಚಿಕೆಯೂ ಆಯಿತು, ಎದೆ ಹಗುರವೂ ಆಯಿತು. ಅವಳು ಒದ್ದೆ ಸೀರೆ ಬದಲಿಸಿ ಬಂದು, ನಡಿ ಅಣ್ಣ ಎಂದಳು. ಇಬ್ಬರೂ ಧಾರೇಶ್ವರದ ಬಸ್ಸು ಹತ್ತಿದೆವು.

ನಾವು ಹೋದಾಗ ಹುಡುಗ ಮುಚ್ಚಿದ ಪ್ಯಾನ್ ಹಿಡಿದುಕೊಂಡು ಹಿತ್ತಲ ಬಾಗಿಲಿನಿಂದ ಹೊರಗೆ ಬರುತ್ತಿದ್ದ. ತಾಯಿಯನ್ನು ಕಂಡು ಅಲ್ಲೇ ನಿಂತುಬಿಟ್ಟ. ಪಾತ್ರೆಯನ್ನು ಎಲ್ಲಿ ಅಡಗಿಸುವುದೆಂದು ತಿಳಿಯದೆ ನನ್ನ ಮುಖ ನೋಡಿದ. ಅವಳು ಹತ್ತಿರ ಹೋಗಿ, ನಿಂತ್ಕಂಡ್ರೆ ಎಂತ ಆತು, ಮೊದಲು ಅದನ್ನ ಚೆಲ್ಲಿ ಕೈ ತೊಳಕಂಡು ಬಾ, ಆಮೇಲೆ ಮಾತು ಎಂದಳು. ಅವನು ಹೋದ. ಬೆಳಕಿನಲ್ಲಿ ಬಟ್ಟೆ ಸರಿಸಿ ನೋಡಿಯೇ ಚೆಲ್ಲಿದ್ದನ್ನು ನಾನು ಗಮನಿಸಿದೆ. ಕೈ ತೊಳೆದು ಬಂದವನ ತಲೆಯ ಮೇಲೆ ಅವಳು ಒಂದು ಮೊಟಕಿ, ಅದೇ ಕೈಯಿಂದ ಕೂದಲು ಸರಿಮಾಡಿದಳು. ಹುಡುಗ ಅತ್ತ. ನನಗೂ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ.

ಎರಡು ದಿನ ಬಿಟ್ಟು ಅವನನ್ನು ಹುಬ್ಬಳ್ಳಿಯ ತನಕ ಬಿಟ್ಟು ಬಂದೆ. ಅವನ ಅಧಿಕಾರಿಗೆ ಒಂದು ಕಾಗದ ಬರೆದುಕೊಟ್ಟೆ. ಹುಡುಗ ತಪ್ಪು ಮಾಡಿದ್ದಾನೆ, ಶಿಕ್ಷೆ ಕೊಡಿ, ಆದರೆ ಕೆಲಸ ಎಂಥದ್ದೆಂದು ತಿಳಿಸದೆ ಕಳಿಸಿದ ತಪ್ಪು ಈ ಹಳೆಯ ಹವಾಲ್ದಾರನದ್ದು ಎಂದು. ಮಾಸ್ತರರ ಕಾಯಿಲೆಯ ವಿಷಯವನ್ನು ಡಾಕ್ಟರು ಬೇರೆ ಹಾಳೆಯಲ್ಲಿ ಬರೆದು ಸಹಿ ಹಾಕಿದ್ದರು. ರೈಲು ಹೊರಡುವ ಮೊದಲು ಮತ್ತೆ ಉಪದೇಶ ಮಾಡಬೇಕೆನಿಸಿತು. ಪರೀಕ್ಷೆ ಮುಂದೂಡಬೇಡ ಎಂದಷ್ಟೇ ಹೇಳಿ ಸುಮ್ಮನಾದೆ.

ಕಾಗದ ಬರಲು ಒಂದೂವರೆ ತಿಂಗಳು ಹಿಡಿಯಿತು. ಅಷ್ಟು ದಿನ ಅವನ ತಾಯಿ ವಾರಕ್ಕೆ ಎರಡು ಸಲ ದವಾಖಾನೆಗೆ ಬಂದು, ಬಾಗಿಲಲ್ಲೇ ನನ್ನ ಮುಖ ನೋಡಿ ತಿರುಗಿ ಹೋಗುತ್ತಿದ್ದಳು. ಕೊನೆಗೂ ಕಾಗದ ಬಂದ ದಿನ ಅವಳನ್ನು ಬೆಂಚಿನ ಮೇಲೆ ಕೂರಿಸಿ ಅದನ್ನು ಒಡೆದೆ. ಕ್ಷೇಮ, ಊಟ, ಚಳಿ ಎಲ್ಲ ಓದಿದೆ. ನನ್ನ ಕಣ್ಣು ಅಭ್ಯಾಸದಂತೆ ಎರಡು ಸಾಲು ಮುಂದೆ ಓಡಿತ್ತು. ಅಲ್ಲಿ ಹೀಗಿತ್ತು: ಮಾವ, ಇನ್ನು ಮುಂದಿನದ್ದನ್ನು ಆಯಿಗೆ ಓದಬೇಡಿ, ಹದಿನಾಲ್ಕು ದಿನ ಕಾವಲು ಕೋಣೆಯಲ್ಲಿ ಕೂಡಿಹಾಕಿದ್ದರು, ಈಗ ಬಿಟ್ಟಿದ್ದಾರೆ, ಭಗೋಡಾ ಎಂದು ಬರೆಯಲಿಲ್ಲ, ವಿಷಮಜ್ವರದ ವಾರ್ಡಿಗೆ ನಾನೇ ಕೇಳಿ ಹಾಕಿಸಿಕೊಂಡಿದ್ದೇನೆ, ಮೊನ್ನೆ ಒಬ್ಬ ಸಿಪಾಯಿ ನನ್ನ ಕೈಯಲ್ಲೇ ತೀರಿಕೊಂಡ, ಆ ದಿನ ಊಟ ಸೇರಲಿಲ್ಲ, ಮರುದಿನ ಮತ್ತೆ ವಾರ್ಡಿಗೆ ಹೋದೆ.

ಬಾಯಲ್ಲಿ ಬೇರೆ ಮಾತು ಸಿದ್ಧವಾಗಿತ್ತು. ಎಲ್ಲ ಆರಾಮ, ಪರೀಕ್ಷೆಗೆ ಓದುತ್ತಿದ್ದಾನೆ ಎಂದುಬಿಟ್ಟರೆ ಅವಳು ನಂಬಿ ನಗುತ್ತಾ ಹೋಗುತ್ತಿದ್ದಳು. ಹದಿನೈದು ವರ್ಷ ಅಭ್ಯಾಸವಾದ ನಾಲಗೆ ನನ್ನದು. ಒಂದು ಗುಟುಕು ನೀರು ಕುಡಿದೆ. ಓದಬೇಡಿ ಎಂಬ ಮಾತಿನಿಂದಲೇ ಸುರುಮಾಡಿ ಕೊನೆಯ ಅಕ್ಷರದ ತನಕ ಓದಿದೆ.

ಅವಳು ಕಾವಲು ಕೋಣೆಯಲ್ಲಿ ಊಟ ಕೊಡುತ್ತಾರೋ ಎಂದು ಕೇಳಿದಳು. ಕೊಡುತ್ತಾರೆ ಎಂದೆ. ತೀರಿಹೋದ ಸಿಪಾಯಿಗೆ ತಾಯಿ ಇದ್ದಾಳೋ ಎಂದು ಕೇಳಿದಳು. ಅದನ್ನು ಬರೆದಿಲ್ಲ ಎಂದೆ. ಆಮೇಲೆ ಎದ್ದು ನಿಂತಳು.

"ಬರೆ ಅವಂಗೆ. ಓದಬೇಡಿ ಅಂತ ಬರೆದದ್ದನ್ನೂ ಅಣ್ಣ ಓದಿ ಹೇಳ್ದ ಅಂತ ಬರೆ. ಇನ್ನು ಹಾಂಗೆ ಬರ್ದು ಕಾಗದ ಹಾಳು ಮಾಡೂದು ಬೇಡ. ಆ ಜಾಗದಲ್ಲಿ ಇನ್ನೆರಡು ಸುದ್ದಿ ಹೆಚ್ಚಿಗೆ ಬರೀಲಿ."

ನಾನು ಹಾಗೆಯೇ ಬರೆದೆ.